ವೈಪರ್ ಬ್ಲೇಡು: ಒಬ್ಬೊಬ್ಬರೇ ಏಕೆ ಕೊಳ್ಳಬೇಕು?

ಬೇಲೂರಿನಿಂದ ಬಿಕ್ಕೋಡು ಮಾರ್ಗವಾಗಿ ಸಕಲೇಶಪುರಕ್ಕೆ ಹೋಗುವ ರಸ್ತೆಯಲ್ಲಿ ಆರಿದ್ರಾ ಮಳೆಯ ಸಂಜೆ ಜೀಪು ನಡೆಸಿದವರಿಗೆ ವೈಪರಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಕಡೆ ಮರದ ನೆರಳು, ಎದುರಿನಿಂದ ಬರುವ ಲಾರಿಯ ದೀಪ, ಗಾಜಿನ ಮೇಲೆ ನೀರಿನ ಪರದೆ. ಇದರ ಮೇಲೆ ಆನೆಗಳು ತೋಟದಿಂದ ತೋಟಕ್ಕೆ ದಾಟುವ ಹೊತ್ತೂ ಅದೇ. ಹಿಂದೆ ಕುಳಿತ ಹತ್ತು ಮಂದಿ ಆಳುಗಳ ಜೀವ ಆ ಕ್ಷಣದಲ್ಲಿ ಒಂದೂವರೆ ಅಡಿಯ ರಬ್ಬರ್ ಪಟ್ಟಿಯನ್ನು ನಂಬಿಕೊಂಡಿರುತ್ತದೆ ಎಂದರೆ ಉತ್ಪ್ರೇಕ್ಷೆಯೇನೂ ಅಲ್ಲ. ಆದರೂ ಟೈರು, ಬ್ಯಾಟರಿ, ಆಯಿಲ್ ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ವೈಪರ್ ಬ್ಲೇಡನ್ನು ಮಾತ್ರ ಮಳೆ ಹಿಡಿದ ಮೇಲೆ, ಸಂತೆಗೆ ಹೋದಾಗ, ಅಂಗಡಿಯವರು ಕೊಟ್ಟದ್ದನ್ನು ಕೇಳಿದ ಬೆಲೆಗೆ ತಂದು ಹಾಕಿಕೊಳ್ಳುತ್ತೇವೆ.

ಹೀಗೆ ತಂದ ಬ್ಲೇಡಿನ ಗತಿಯೇನು? ನಮ್ಮ ಸದಸ್ಯರಲ್ಲಿ ಹಲವರದು ಒಂದೇ ಕಥೆ. ಜಿಲ್ಲೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಜೋಡಿಯೊಂದನ್ನು ಕೊಟ್ಟರು. ಅದರ ಮೇಲೆ ತಯಾರಕರ ವಿಳಾಸವಿಲ್ಲ, ತಿಂಗಳು ವರ್ಷವಿಲ್ಲ, ಬೆಲೆಯನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಮೃಗಶಿರಾದಲ್ಲಿ ಹಾಕಿದ್ದು ಪುಷ್ಯ ಮಳೆಯ ಹೊತ್ತಿಗೆ ಗಾಜಿನ ಮೇಲೆ ಗೆರೆ ಬಿಡತೊಡಗಿತು, ಆಶ್ಲೇಷದಲ್ಲಿ ರಬ್ಬರ್ ಕಿತ್ತು ಜೋತಾಡಿತು. ವಾಪಸು ಕೇಳಿದರೆ ಬಿಲ್ಲು ಎಲ್ಲಿ ಎಂದರು. ಬಿಲ್ಲನ್ನು ಅವರು ಕೊಟ್ಟೇ ಇರಲಿಲ್ಲ!

ವೈಪರ್ ಎಂಬ ವಸ್ತು ಹುಟ್ಟಿದ್ದೇ ಇಂತಹ ತಾತ್ಸಾರದ ನಡುವೆ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ನ್ಯೂಯಾರ್ಕಿನ ಟ್ರಾಮ್ ಚಾಲಕರು ಹಿಮ ಬಿದ್ದಾಗ ಮುಂದೆ ಕಾಣದೆ ಪಡುತ್ತಿದ್ದ ಪಾಡು ನೋಡಿ, ಒಳಗಿನಿಂದಲೇ ಕೈಯಲ್ಲಿ ತಿರುಗಿಸುವ ಒರಸು ಪಟ್ಟಿಗೆ 1903ರಲ್ಲಿ ಪೇಟೆಂಟ್ ಪಡೆದರು. ಅದನ್ನು ಕೊಳ್ಳುವ ಕಂಪನಿ ಸಿಗಲಿಲ್ಲ, ಪೇಟೆಂಟಿನ ಅವಧಿಯೂ ಮುಗಿಯಿತು. ಹಳೆಯ ವಿಲ್ಲೀಸ್ ಜೀಪನ್ನು ಓಡಿಸಿದ ಹಿರಿಯರಿಗೆ ಇನ್ನೊಂದು ತಮಾಷೆ ನೆನಪಿರಬಹುದು. ಅದರ ವೈಪರ್ ನಡೆಯುತ್ತಿದ್ದುದು ಎಂಜಿನ್ನಿನ ಗಾಳಿಯೆಳೆತದ ಬಲದಿಂದ. ಏರು ಸಿಕ್ಕಿ ಆಕ್ಸಿಲರೇಟರ್ ಒತ್ತಿದೊಡನೆ ಎಳೆತ ಕಡಿಮೆಯಾಗಿ, ಬೇಕಾದ ಹೊತ್ತಿಗೇ ವೈಪರ್ ನಿದ್ದೆ ಹೋಗುತ್ತಿತ್ತು. ಈಗ ವಿದ್ಯುತ್ ಮೋಟಾರು ಬಂದು ಆ ತೊಂದರೆ ತಪ್ಪಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಸರಿಯಾಗಿ ಕೆಲಸ ಮಾಡುವ ವೈಪರ್ ಇರಬೇಕೆಂದು ವಿಧಿಸುತ್ತವೆ. ಆದರೆ ಮೋಟಾರು ಎಷ್ಟೇ ಚೆನ್ನಾಗಿರಲಿ, ಗಾಜನ್ನು ಮುಟ್ಟುವುದು ರಬ್ಬರಿನ ತುದಿ ಮಾತ್ರ.

ಆ ತುದಿ ನಮ್ಮ ಸೀಮೆಯಲ್ಲಿ ಬೇಗ ಕೆಡುವುದಕ್ಕೆ ಕಾರಣಗಳಿವೆ. ಕೊಯ್ಲಿನ ತಿಂಗಳುಗಳಲ್ಲಿ ವಾಹನ ಕಣದ ಬದಿಯಲ್ಲಿ ಬಿಸಿಲಿಗೆ ನಿಂತಿರುತ್ತದೆ. ನಾಲ್ಕೈದು ತಿಂಗಳು ವೈಪರಿಗೆ ಕೆಲಸವಿಲ್ಲ; ಬಿಸಿಲು, ಧೂಳು ಎರಡೂ ಸೇರಿ ರಬ್ಬರ್ ಗಡುಸಾಗುತ್ತದೆ. ಮಾರ್ಚಿಯಲ್ಲಿ ಹೂಮಳೆ ಬಿದ್ದ ದಿನ ಗುಂಡಿ ಒತ್ತಿದರೆ, ಗಡುಸು ರಬ್ಬರ್ ಗಾಜಿನ ಮೇಲಿನ ಮಣ್ಣನ್ನೇ ಉಜ್ಜಿ ಗೀರು ಹಾಕುತ್ತದೆ. ಗೀರು ಬಿದ್ದ ಗಾಜಿಗೆ ಎಷ್ಟು ಒಳ್ಳೆಯ ಬ್ಲೇಡು ಹಾಕಿದರೂ ರಾತ್ರಿ ಎದುರು ದೀಪ ಒಡೆದು ಕಾಣುವುದು ತಪ್ಪದು.

ಇನ್ನೊಂದು ಕಾರಣವನ್ನು ಅಂಗಡಿಯವರು ಹೇಳುವುದಿಲ್ಲ, ಅವರಿಗೆ ತಿಳಿದಿರಲಿಕ್ಕೂ ಇಲ್ಲ. ಕೊಳೆರೋಗಕ್ಕೆಂದು ಅಡಿಕೆಗೆ, ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಡ್ರಮ್ಮು, ಪಂಪು, ಪೈಪು ಎಲ್ಲವೂ ಪಿಕಪ್ಪಿನಲ್ಲೇ ಹೋಗಬೇಕು. ಸಿಂಪರಣೆಯ ತುಂತುರು ಗಾಜಿನ ಮೇಲೆ ನೀಲಿ ಕಲೆಯಾಗಿ ಕೂರುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಸಹಜ ರಬ್ಬರಿಗೆ ವಿಷವಿದ್ದಂತೆ. ಗಾಳಿಯೊಡನೆ ಸೇರಿ ರಬ್ಬರ್ ಕೆಡುವ ಕ್ರಿಯೆಯನ್ನು ಅದು ತ್ವರೆಗೊಳಿಸುತ್ತದೆ. ರಬ್ಬರ್ ಕಾರ್ಖಾನೆಗಳಲ್ಲಿ ತಾಮ್ರದ ಸೋಂಕು ಬಾರದಂತೆ ಎಚ್ಚರ ವಹಿಸುವುದು ಇದಕ್ಕೇ. ಸಿಂಪರಣೆ ಮುಗಿದ ಸಂಜೆ ಗಾಜಿಗೂ ಬ್ಲೇಡಿಗೂ ಎರಡು ಬಿಂದಿಗೆ ನೀರು ಹಾಕಿ ಒರಸಿದರೆ ಬ್ಲೇಡಿನ ಆಯುಸ್ಸು ಹೆಚ್ಚುತ್ತದೆ. ಡೀಸೆಲ್ ಬಟ್ಟೆಯಿಂದ ರಬ್ಬರ್ ಉಜ್ಜುವ ಚಾಲಕರ ಪದ್ಧತಿಯನ್ನಂತೂ ಇಂದೇ ಬಿಡಿಸಬೇಕು. ಉಜ್ಜಿದಾಗ ಕಪ್ಪಗೆ ಹೊಸದರಂತೆ ಹೊಳೆಯುವುದು ನಿಜ. ಆದರೆ ಡೀಸೆಲ್ ಕುಡಿದ ರಬ್ಬರ್ ಊದಿ ಮೆತ್ತಗಾಗಿ ಆಕಾರ ಕೆಡುತ್ತದೆ, ಎಣ್ಣೆಯ ಪೊರೆ ಗಾಜಿಗೂ ಹತ್ತುತ್ತದೆ. ಸೋಪಿನ ನೀರು ಸಾಕು. ವೈಪರ್ ಕೈಕೊಟ್ಟಾಗ ಗಾಜಿಗೆ ಹೊಗೆಸೊಪ್ಪು ತಿಕ್ಕುವ ಹಳೆಯ ಉಪಾಯ ಮನೆ ಮುಟ್ಟುವವರೆಗಿನದು, ಅದನ್ನೇ ಪದ್ಧತಿ ಮಾಡಿಕೊಳ್ಳಬಾರದು.

ಕೊಳ್ಳುವ ಮೊದಲು ಕೆಟ್ಟಿರುವುದು ಏನೆಂದು ನೋಡಿಕೊಳ್ಳುವುದು ಲೇಸು. ಗಾಜಿನ ಮೇಲೆ ಸಣ್ಣ ಗೆರೆ ಉಳಿದರೆ ರಬ್ಬರಿನ ತುದಿ ಕಚ್ಚು ಬಿದ್ದಿದೆ ಅಥವಾ ಅಲ್ಲಿ ಮಣ್ಣು ಕೂತಿದೆ. ಅಗಲವಾದ ಪಟ್ಟಿಯೇ ಒರಸದೆ ಉಳಿದರೆ ಒತ್ತಡ ಸಾಲದು. ಬ್ಲೇಡಿನ ಚೌಕಟ್ಟು ಬಾಗಿರಬಹುದು, ತೋಳಿನ ಸ್ಪ್ರಿಂಗು ಸಡಿಲವಾಗಿರಬಹುದು. ಟಕಟಕ ಎಂದು ಕುಪ್ಪಳಿಸುತ್ತ ಹೋದರೆ ತೋಳು ತಿರುಚಿದೆ, ಇಲ್ಲವೇ ಗಾಜಿನ ಮೇಲೆ ಜಿಡ್ಡಿದೆ. ರಬ್ಬರಿನ ತುದಿ ಹೋಗುವಾಗ ಒಂದು ಕಡೆಗೂ ಬರುವಾಗ ಇನ್ನೊಂದು ಕಡೆಗೂ ಮಗುಚಿಕೊಳ್ಳಬೇಕು, ತೋಳು ತಿರುಚಿದ್ದರೆ ಅದು ಸಾಧ್ಯವಾಗುವುದಿಲ್ಲ. ಮೊದಲನೆಯದಕ್ಕೆ ಮಾತ್ರ ಹೊಸ ಬ್ಲೇಡು ಖಂಡಿತ ಮದ್ದು. ತೋಳು ಸೊಟ್ಟಗಿರುವಾಗ ಬ್ಲೇಡು ಬದಲಿಸುತ್ತ ಹೋಗುವುದು ಬೇರು ಕೊಳೆತ ಗಿಡದ ಎಲೆಗೆ ಔಷಧಿ ಹೊಡೆದಂತೆ.

ಬ್ಲೇಡನ್ನು ವಾಹನದ ಹೆಸರು ಹೇಳಿ ತರುವುದಕ್ಕಿಂತ ಹಳೆಯದನ್ನು ಟೇಪಿನಲ್ಲಿ ಅಳೆದು ತರುವುದು ಮೇಲು. ಅನೇಕ ವಾಹನಗಳಲ್ಲಿ ಚಾಲಕನ ಬದಿಯದು ಉದ್ದ, ಆಚೆ ಬದಿಯದು ಗಿಡ್ಡ. ಒಂದಿಂಚು ಹೆಚ್ಚಾದರೆ ಎರಡೂ ಒಂದಕ್ಕೊಂದು ಬಡಿಯಬಹುದು. ಕೊಕ್ಕೆಯ ಆಕಾರವನ್ನೂ ಗಮನಿಸಬೇಕು. ಹಳೆಯ ಜೀಪಿನ ಚಪ್ಪಟೆ ಗಾಜಿಗೂ ಈಗಿನ ಕಾರಿನ ಬಾಗಿದ ಗಾಜಿಗೂ ಒಂದೇ ಬ್ಲೇಡು ಒಪ್ಪುವುದಿಲ್ಲ. ಚೌಕಟ್ಟಿಲ್ಲದ ಹೊಸ ಮಾದರಿಯ ಚಪ್ಪಟೆ ಬ್ಲೇಡು ಬಾಗಿದ ಗಾಜಿಗೆ ಚೆನ್ನಾಗಿ ಕೂರುತ್ತದೆ, ಬೆಲೆಯೂ ಹೆಚ್ಚು. ಹಳೆಯ ಜೀಪಿಗೆ ಅದರ ಅಗತ್ಯ ನಮಗೆ ಕಂಡಿಲ್ಲ. ಕಬ್ಬಿಣದ ಚೌಕಟ್ಟು ಗಟ್ಟಿಯಾಗಿದ್ದರೆ ರಬ್ಬರ್ ಪಟ್ಟಿಯೊಂದನ್ನೇ ಬದಲಿಸಬಹುದು. ಇದಕ್ಕೆ ರೀಫಿಲ್ ಎನ್ನುತ್ತಾರೆ. ಬಾಯಿಬಿಟ್ಟು ಕೇಳಿದರೆ ಮಾತ್ರ ಒಳಗಿನಿಂದ ತರುತ್ತಾರೆ, ಕೇಳದಿದ್ದರೆ ಪೂರ್ತಿ ಬ್ಲೇಡನ್ನೇ ಕೈಗಿಡುತ್ತಾರೆ. ಬದಲಿಸುವಾಗ ಗಾಜಿನ ಮೇಲೆ ದಪ್ಪ ಗೋಣಿಯೊಂದನ್ನು ಹಾಸಿರಬೇಕು. ಬರಿ ತೋಳು ಸ್ಪ್ರಿಂಗಿನ ಬಲದಿಂದ ಗಾಜಿಗೆ ಬಡಿದರೆ ಬ್ಲೇಡಿನ ಖರ್ಚು ಹೋಗಿ ಗಾಜಿನ ಖರ್ಚು ಬರುತ್ತದೆ.

ಇನ್ನು ಬೆಲೆಯ ವಿಚಾರ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ರಬ್ಬರ್ ಕಪಾಟಿನಲ್ಲಿದ್ದರೂ ಮುದಿಯಾಗುವ ವಸ್ತುವಾದ್ದರಿಂದ ಇಲ್ಲಿ ತಿಂಗಳು ವರ್ಷವೇ ಮುಖ್ಯ. ಗರಿಷ್ಠ ಬೆಲೆ ಎಂದರೆ ಅದಕ್ಕಿಂತ ಹೆಚ್ಚು ಕೇಳಬಾರದೆಂದು ಅರ್ಥವೇ ಹೊರತು ಅಷ್ಟೇ ಕೊಡಬೇಕೆಂದಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. ಉದಾಹರಣೆಗೆ, ತೆರಿಗೆ ಬಿಟ್ಟು 500 ರೂಪಾಯಿಯ ಜೋಡಿಗೆ ಮೊದಲು 640 ಆಗುತ್ತಿದ್ದರೆ ಈಗ 590 ಆಗಬೇಕು. ಈ 50 ರೂಪಾಯಿ ನಮ್ಮ ಜೇಬಿನಲ್ಲಿ ಉಳಿಯಿತೇ, ಬೇರೆ ಜೇಬಿಗೆ ಹೋಯಿತೇ ಎಂದು ತಿಳಿಯಲು ಬಿಲ್ಲು ಬೇಕು. ತಕರಾರು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅದಕ್ಕೂ ಬಿಲ್ಲೇ ಆಧಾರ.

ಆದರೆ ಒಂಟಿ ಗಿರಾಕಿಯ ಚೌಕಾಶಿಗೆ ಒಂದು ಮಿತಿಯಿದೆ. ಮಳೆ ಸುರಿಯುತ್ತಿರುವಾಗ ಅಂಗಡಿ ಮೆಟ್ಟಿಲ ಮೇಲೆ ನಿಂತವನು ಚೌಕಾಶಿ ಮಾಡಲಾರ ಎಂಬುದು ವರ್ತಕರಿಗೂ ಗೊತ್ತು. ಅಡಿಕೆ ಮಾರುವಾಗ ಇದೇ ಅಸಹಾಯಕತೆಯನ್ನು ಕಂಡು ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಕಾಫಿಯಲ್ಲಿ 1996ರಲ್ಲಿ ಮಂಡಳಿಯ ಪೂಲ್ ಪದ್ಧತಿ ಪೂರ್ತಿ ಹೋಗಿ ಮುಕ್ತ ಮಾರಾಟ ಬಂದ ಮೇಲೆ, ಒಬ್ಬೊಬ್ಬರೇ ವ್ಯಾಪಾರಕ್ಕೆ ನಿಂತಾಗ ಏನಾಗುತ್ತದೆಂದು ಸಣ್ಣ ಬೆಳೆಗಾರರು ಚೆನ್ನಾಗಿ ಕಂಡಿದ್ದಾರೆ. ಮಾರುವಾಗ ಕಲಿತ ಬುದ್ಧಿಯನ್ನು ಕೊಳ್ಳುವಾಗ ಏಕೆ ಬಳಸಬಾರದು? ಗೊಬ್ಬರ, ಮೈಲುತುತ್ತಗಳನ್ನು ಸಂಘ ಸಗಟಾಗಿ ತರಿಸುವಂತೆ ವೈಪರ್ ಬ್ಲೇಡು ಮತ್ತು ರೀಫಿಲ್‌ಗಳನ್ನೂ ವರ್ಷಕ್ಕೊಮ್ಮೆ, ಭರಣಿ ಮಳೆಗೆ ಮೊದಲು, ತರಿಸಬೇಕೆಂಬುದು ನಮ್ಮ ಸಲಹೆ.

ಸಂಘ ಮೋಟಾರು ಅಂಗಡಿ ಆಗಬೇಕೇ ಎಂದು ಕೆಲವು ಸದಸ್ಯರು ಆಕ್ಷೇಪಿಸಿದ್ದಾರೆ. ಬೇಲೂರು, ಅರೇಹಳ್ಳಿಯ ವರ್ತಕರಲ್ಲಿ ನಮ್ಮವರೇ ಇದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಮಾತೂ ಬಂದಿದೆ. ಇದು ತಳ್ಳಿಹಾಕುವ ಮಾತಲ್ಲ. ಹಾಗಾಗಿ ಸಂಘ ದಾಸ್ತಾನು ಇಟ್ಟುಕೊಳ್ಳುವುದು ಬೇಡ. ಮಾರಾಟವಾಗದೆ ಉಳಿದ ರಬ್ಬರ್ ನಮ್ಮ ಗೋದಾಮಿನಲ್ಲೂ ಮುದಿಯಾಗುತ್ತದೆ. ಸದಸ್ಯರ ಬೇಡಿಕೆಯನ್ನು ಒಟ್ಟು ಮಾಡಿ ಇದೇ ವರ್ತಕರಿಂದ ದರಪಟ್ಟಿ ಕರೆಯಲಿ. ಆ ವರ್ಷದ ಮಾಲು, ಮುದ್ರಿತ ಬೆಲೆಯ ಪೊಟ್ಟಣ, ಬಿಲ್ಲು, ಒಂದು ಮಳೆಗಾಲದೊಳಗೆ ಕೆಟ್ಟರೆ ಬದಲಿ ಕೊಡುವ ಲಿಖಿತ ಒಪ್ಪಿಗೆ, ಇಷ್ಟಕ್ಕೆ ಒಪ್ಪಿದವರಿಗೆ ವ್ಯಾಪಾರ ಹೋಗಲಿ. ಒಮ್ಮೆಗೇ ನೂರು ಜೋಡಿ ಮಾರುವವರಿಗೆ ಕಡಿಮೆ ಲಾಭದಲ್ಲೂ ನಷ್ಟವಿಲ್ಲ. ತೋಟದ ವಾಹನದ ಜೊತೆಗೆ ಮಕ್ಕಳನ್ನು ಶಾಲೆಗೆ ಒಯ್ಯುವ ಬಾಡಿಗೆ ವ್ಯಾನು, ಆಟೋಗಳವರನ್ನೂ ಈ ಬೇಡಿಕೆಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಅವರು ಸದಸ್ಯರಲ್ಲದಿದ್ದರೂ ಒಳಗೆ ಕೂರುವ ಮಕ್ಕಳು ನಮ್ಮವರೇ.

ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಕಾರ್ಯದರ್ಶಿಯವರನ್ನು ಕೋರಿದ್ದೇವೆ. ಆಸಕ್ತ ಬೆಳೆಗಾರ ಬಾಂಧವರು ತಮ್ಮ ವಾಹನದ ಹೆಸರು, ತಯಾರಾದ ವರ್ಷ, ಎಡ ಮತ್ತು ಬಲ ಬ್ಲೇಡುಗಳ ಅಳತೆ, ಪೂರ್ತಿ ಬ್ಲೇಡು ಬೇಕೋ ರೀಫಿಲ್ ಸಾಕೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ಮೊದಲು ಕಛೇರಿಗೆ ತಲುಪಿಸಬೇಕಾಗಿ ವಿನಂತಿ.