ಗಣಕದ ಕೆರೆಗೆ ಕನ್ನಡದ ಮೆಟ್ಟಿಲು

ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಜನರನ್ನು ಕೂಡಿಕೊಂಡು ಕಟ್ಟಿಸಿದ ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಕೆರೆ ಎಲ್ಲರದಾದರೂ ನೀರಿಗೆ ಇಳಿಯಲು ಮೆಟ್ಟಿಲು ಬೇಕು. ಹಲವರ ದುಡಿಮೆಯಿಂದ ತುಂಬಿರುವ ಲಿನಕ್ಸ್ ತಂತ್ರಾಂಶ ಭಂಡಾರಕ್ಕೂ ಈ ಮಾತು ಸಲ್ಲುತ್ತದೆ.

ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ತಂತ್ರಾಂಶಗಳು ‘ಪ್ಯಾಕೇಜು’ಗಳ ರೂಪದಲ್ಲಿರುತ್ತವೆ. ಬೇಕಾದ ಪ್ಯಾಕೇಜನ್ನೂ ಅದು ಅವಲಂಬಿಸಿದ ಇತರ ಪ್ಯಾಕೇಜುಗಳನ್ನೂ ತಂದು ಸ್ಥಾಪಿಸುವುದು ‘ಆಪ್ಟ್’ ಎಂಬ ನಿರ್ವಾಹಕದ ಕೆಲಸ. ಅದಕ್ಕೆ ಆದೇಶಗಳನ್ನು ಬೆರಳಚ್ಚಿಸಿ ತಿಳಿಸಬೇಕು. ಈ ತೊಡಕನ್ನು ನೀಗಲು ಹುಟ್ಟಿದ ಚಿತ್ರಾತ್ಮಕ ಮುಖಗಳಲ್ಲಿ, ಬ್ರೆಜಿಲ್‌ನ ಕನೆಕ್ಟಿವಾ ಸಂಸ್ಥೆಯಲ್ಲಿ ರೂಪುಗೊಂಡ ‘ಸಿನಾಪ್ಟಿಕ್’ ಪ್ರಮುಖವಾದುದು. ಅದರಲ್ಲಿ ಪ್ಯಾಕೇಜನ್ನು ಹುಡುಕಿ, ಗುರುತು ಹಾಕಿ, ಆಗಲಿರುವ ಬದಲಾವಣೆಗಳನ್ನು ನೋಡಿಕೊಂಡು, ಅನಂತರ ಒಪ್ಪಿಗೆ ಕೊಡಬಹುದು.

ಆದರೆ ಗುಂಡಿಗಳನ್ನು ರಚಿಸಿದ ಮಾತ್ರಕ್ಕೆ ಮೆಟ್ಟಿಲು ಪೂರ್ಣವಾಗುವುದಿಲ್ಲ. ಗುಂಡಿಯ ಮೇಲಿನ ಮಾತು ತಿಳಿಯಬೇಕು. ಆಪ್ಟ್‌ನಲ್ಲಿ ‘ಅಪ್‌ಡೇಟ್’ ಎಂಬುದು ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ಹೊಸದಾಗಿಸುತ್ತದೆ. ‘ಅಪ್‌ಗ್ರೇಡ್’ ಪ್ಯಾಕೇಜುಗಳನ್ನೇ ಹೊಸದಾಗಿಸುತ್ತದೆ. ಎರಡಕ್ಕೂ ‘ನವೀಕರಿಸು’ ಎಂದು ಬರೆದರೆ ಓದುವವನು ದಾರಿ ತಪ್ಪುತ್ತಾನೆ. ‘ರಿಮೂವ್’ ಎಂದರೆ ತಂತ್ರಾಂಶ ಹೋದರೂ ವ್ಯವಸ್ಥೆಯ ಸಂರಚನಾ ಕಡತಗಳು ಉಳಿಯುತ್ತವೆ. ‘ಪರ್ಜ್’ ಎಂದರೆ ಅವೂ ಅಳಿಯುತ್ತವೆ. ‘ತೆಗೆ’, ‘ಬೇರುಸಹಿತ ತೆಗೆ’ ಎಂಬ ಈ ಅಂತರವನ್ನು ಗುರುತಿಸುವುದು ಅರ್ಥವಿವೇಕದ ಕೆಲಸ. ಅದು ಭಾಷಾಭ್ಯಾಸಿಗಳಾದ ನಮ್ಮ ಕೆಲಸ.

ಇಂಗ್ಲಿಷ್ ಸಾಲದೆ ಎಂದು ಕೇಳುವವರಿದ್ದಾರೆ. ಅಕ್ಕಲಕೋಟೆಯ ಸೀಮೆಯ ಕನ್ನಡ ಶಾಲೆಗಳಿಂದ ಬರುವ ವಿದ್ಯಾರ್ಥಿಗಳನ್ನು ಅವರು ನೆನೆಯಲಿ. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಸೊಗಸಾದ ಕನ್ನಡ ಅಕ್ಷರಶೈಲಿಗಳಿವೆ. ಅವುಗಳ ಬಾಗಿಲಲ್ಲಿ ಇಂಗ್ಲಿಷ್ ಮಾತ್ರವೇ ನಿಂತಿದ್ದರೆ, ಕನ್ನಡದ ಅಕ್ಷರವನ್ನು ಪಡೆಯಲೂ ಕನ್ನಡದ ಹುಡುಗಿಯು ಪರಭಾಷೆಯ ಅಪ್ಪಣೆಗೆ ಕಾಯಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಆಕೆಗೆ ಭಾಷೆಗಳ ಬಡತನವಿಲ್ಲ. ಗಣಕದಲ್ಲಿ ಆಕೆಯ ಭಾಷೆಗೆ ಎಡೆಯಿಲ್ಲ, ಅಷ್ಟೆ.

ಪರದೆಯ ಮೇಲೆ ಕಾಣುವ ವಾಕ್ಯಗಳನ್ನು ಕ್ರಮವಿಧಿಯಿಂದ ಬೇರ್ಪಡಿಸಿ ಅನುವಾದದ ಕಡತದಲ್ಲಿ ಇಟ್ಟಿರುತ್ತಾರೆ. ಅನುವಾದಕನಿಗೆ ಕ್ರಮವಿಧಿ ಬರೆಯಲು ಬರಬೇಕೆಂದಿಲ್ಲ. ಪ್ಯಾಕೇಜುಗಳ ವಿವರಣೆಯನ್ನು ಅನುವಾದಿಸಲು ಡೆಬಿಯನ್‌ನಲ್ಲಿ ಪ್ರತ್ಯೇಕ ಯೋಜನೆಯೇ ಇದೆ. ಆದ್ದರಿಂದ ನಮ್ಮ ವಿಭಾಗವು ಭಾಷಾಂತರದ ಅಭ್ಯಾಸಕ್ಕೆ ಕಥೆ, ಕವಿತೆಗಳ ಜೊತೆಗೆ ಇಂಥ ವಾಕ್ಯಗಳನ್ನೂ ಆರಿಸಿಕೊಳ್ಳಲಿ. ಗಣಕ ವಿಭಾಗದ ಮಿತ್ರರು ಅವನ್ನು ಪರದೆಯ ಮೇಲೆ ಪರೀಕ್ಷಿಸಿ ತಪ್ಪುಗಳನ್ನು ತೋರಿಸಲಿ. ಕೆರೆಯನ್ನು ಬೇರೆಯವರು ತೋಡಿದ್ದಾರೆ. ನಮ್ಮ ದಿಕ್ಕಿನ ಮೆಟ್ಟಿಲನ್ನಾದರೂ ನಾವು ಕಟ್ಟಬೇಡವೆ?