ಎರಡೂ ಮುಕ್ಕಾಲು ಗಂಟೆ ಎಂಬ ಸುಳ್ಳು

ದೆಹಲಿಯಲ್ಲಿರುವ ಕನ್ನಡಿಗರೆಲ್ಲರ ಬಾಯಲ್ಲೂ ಒಂದು ಮಾತಿದೆ: 'ಊರೇನು ದೂರ, ಎರಡೂ ಮುಕ್ಕಾಲು ಗಂಟೆ ಅಷ್ಟೇ.' ನಾನೂ ಇದನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದವನೇ. ಈಗ ಹೇಳುವುದಿಲ್ಲ. ನೀವೂ ನಿಲ್ಲಿಸಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ದೆಹಲಿ–ಬೆಂಗಳೂರು ವಿಮಾನದ ದಾರಿ ಸುಮಾರು 1,700 ಕಿ.ಮೀ. ಟಿಕೆಟ್ಟಿನಲ್ಲಿ ಬರೆದಿರುವ ಹೊತ್ತು ಒಂದು ನಿಲ್ದಾಣದಲ್ಲಿ ವಿಮಾನ ಕದಲಿದಾಗಿನಿಂದ ಇನ್ನೊಂದರಲ್ಲಿ ನಿಲ್ಲುವವರೆಗಿನದು ಮಾತ್ರ. ಆದರೆ ನಮ್ಮಲ್ಲಿ ಯಾರ ಮನೆಯೂ ರನ್‌ವೇ ಮೇಲಿಲ್ಲವಲ್ಲ!

ನನ್ನ ಲೆಕ್ಕ ನೋಡಿ. ನೋಯ್ಡಾದ ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ವಿಮಾನದಲ್ಲಿ ಎರಡೂ ಮುಕ್ಕಾಲು. ಇಳಿದು ಬ್ಯಾಗು ಹಿಡಿದು ಹೊರಬರಲು ಅರ್ಧ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಂದೂವರೆ. ಅಲ್ಲಿಂದ ಚಿತ್ರದುರ್ಗಕ್ಕೆ ನಾಲ್ಕು. ದುರ್ಗದಿಂದ ನಮ್ಮ ಹಳ್ಳಿಗೆ ಒಂದೂಕಾಲು. ಒಟ್ಟು ಹದಿಮೂರೂವರೆ ಗಂಟೆ. ವಿಮಾನದ ಪಾಲು ಐದರಲ್ಲೊಂದು. 2008ರಲ್ಲಿ ನಿಲ್ದಾಣ ಎಚ್ಎಎಲ್‌ನಿಂದ ದೇವನಹಳ್ಳಿಗೆ ಹೋದಾಗ ಹಾರಾಟದ ಹೊತ್ತು ಹೆಚ್ಚಲಿಲ್ಲ. ಮೆಜೆಸ್ಟಿಕ್ ಮಾತ್ರ ದೂರವಾಯಿತು. ಆ ದೂರ ಯಾವ ಟಿಕೆಟ್ಟಿನಲ್ಲೂ ಅಚ್ಚಾಗಲಿಲ್ಲ.

ಈ ಸುಳ್ಳಿಗೆ ಬೆಲೆ ಇದೆ. ದೊಡ್ಡಪ್ಪ ತೀರಿಕೊಂಡ ಫೋನು ಬೆಳಗಿನ ಜಾವ ಐದಕ್ಕೆ ಬಂತು. 'ಮಧ್ಯಾಹ್ನದೊಳಗೆ ಬರ್ತೀನಿ' ಎಂದುಬಿಟ್ಟೆ. ನನ್ನ ಮಾತು ನಂಬಿ ಇಡೀ ಊರು ಕಾಯಿತು. ಹೊತ್ತು ಮುಳುಗುವವರೆಗೆ ಕಾದು ಮಣ್ಣು ಮಾಡಿದರು. ನಾನು ಮುಟ್ಟಿದಾಗ ರಾತ್ರಿ ಎಂಟು. 'ಅಣ್ಣ, ಮಧ್ಯಾಹ್ನ ಅಂದಿದ್ಯಲ್ಲ' ಎಂದ ದೊಡ್ಡಪ್ಪನ ಮಗ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಫೀಸಿನವರೂ ಇದೇ ಲೆಕ್ಕ ಹಿಡಿದು ಎರಡು ದಿನ ರಜೆ ಕೊಡುತ್ತಾರೆ. 'ಫ್ಲೈಟಿದೆಯಲ್ಲ!' ಹೋಗಲೊಂದು ದಿನ, ಬರಲೊಂದು ದಿನ. ಅಮ್ಮನ ಜೊತೆ ಕೂರಲು ಒಂದು ರಾತ್ರಿ. ಅವರಿಗೆ ಈ ಲೆಕ್ಕ ಕಲಿಸಿಕೊಟ್ಟವರು ನಾವೇ.

ವಿಮಾನ ಬೇಡವೆನ್ನುತ್ತಿಲ್ಲ. ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದವರಿಗೆ ಅದು ವರವೇ. ಆದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಊರಿಗೆ ಹೋಗುತ್ತಿದ್ದವರು ಹದಿನೈದು ದಿನ ಇದ್ದು ಬರುತ್ತಿದ್ದರು. ದೂರ ಎಂದು ಗೊತ್ತಿದ್ದುದರಿಂದ ಅದಕ್ಕೆ ತಕ್ಕ ರಜೆ ಕೇಳುತ್ತಿದ್ದರು. ನಾವು 'ಹತ್ತಿರವೇ ಇದೆ, ಯಾವಾಗ ಬೇಕಾದರೂ ಹೋಗಬಹುದು' ಎನ್ನುತ್ತಾ ಹೋಗುವುದನ್ನೇ ಮುಂದೂಡುತ್ತೇವೆ. ವಿಮಾನ ಕಡಿಮೆ ಮಾಡಿದ್ದು ನಾವು ಊರಲ್ಲಿ ಉಳಿಯುವ ದಿನಗಳನ್ನು.

ಇನ್ನು ಮೇಲೆ ಯಾರಾದರೂ ಊರೆಷ್ಟು ದೂರ ಎಂದು ಕೇಳಿದರೆ ಹೊಸ್ತಿಲಿಂದ ಹೊಸ್ತಿಲಿಗೆ ಎಣಿಸಿ ಹೇಳಿ. ರಜೆ ಅರ್ಜಿಯಲ್ಲೂ ಅದನ್ನೇ ಬರೆಯಿರಿ. ಅಮ್ಮನಿಗೂ ಅದನ್ನೇ ಹೇಳಿ. ಹದಿಮೂರೂವರೆ ಗಂಟೆ ಎಂದರೆ ಅವಳೇನೂ ಗಾಬರಿಯಾಗುವುದಿಲ್ಲ. ಎಷ್ಟು ಹೊತ್ತಿಗೆ ಅನ್ನಕ್ಕಿಡಬೇಕೆಂದು ಅವಳಿಗೆ ಸರಿಯಾಗಿ ತಿಳಿಯುತ್ತದೆ, ಅಷ್ಟೇ.