ಸಂಸಾರದ ಸಾಮಗ್ರಿ: ನಿತ್ಯಕ್ಷೌರಕ್ಕೆ ಜಪಾನೀ ಕತ್ತಿ

ಬೈತಖೋಲದಿಂದ ಒಬ್ಬ ಸೋದರಿಯು ಬರೆದ ಪತ್ರವು ಕಳೆದ ತಿಂಗಳು ನನ್ನ ಕೈಸೇರಿತು. ಅವರ ಮಗನಿಗೆ ಹಡಗಿನಲ್ಲಿ ಕೆಲಸ ದೊರೆತಿದೆ. ಮೊದಲನೆಯ ಸಂಬಳದಲ್ಲಿ ಜಪಾನಿನ ಎರಡು ಕ್ಷೌರದ ಕತ್ತಿಗಳನ್ನು ಕೊಳ್ಳಬೇಕೆಂದು ಅವನ ಆಸೆ, ತನಗೊಂದು, ತಂದೆಗೊಂದು. ತಂದೆಯವರಿಗೆ ಅರವತ್ತೈದು ದಾಟಿದೆ. ಬಲಗೈ ಸ್ವಲ್ಪ ನಡುಗುವದು. ಹೃದಯದ ಬೇನೆಗಾಗಿ, ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನಾಲು ತೆಗೆದುಕೊಳ್ಳುತ್ತಾರೆ. “ಬೇಡವೆಂದರೆ ಮಗನು ನೊಂದುಕೊಳ್ಳುವನು, ಆಗಲಿ ಎಂದರೆ ನನಗೆ ನಿದ್ದೆ ಬಾರದು. ಎಂಥ ಕತ್ತಿಯನ್ನು ಆರಿಸಬೇಕೆಂಬುದನ್ನು ತಾವೇ ಹೇಳಿರಿ” ಎಂದು ಆ ತಾಯಿ ಕೇಳಿದ್ದಾರೆ.

ಇದು ಗಂಡಸರ ವಿಷಯವೆಂದು ನಮ್ಮ ಸೋದರಿಯರು ಪುಟವನ್ನು ಮಗುಚಬಾರದು. ಮನೆಯೊಳಕ್ಕೆ ಬಂದ ಹರಿತವಾದ ವಸ್ತುವನ್ನು ಮಕ್ಕಳ ಕೈಗೆ ಎಟುಕದಂತೆ ಎತ್ತಿಡುವವರು ಯಾರು, ಗಾಯವಾದರೆ ಹತ್ತಿ ಹಿಡಿದು ಓಡಿ ಬರುವವರು ಯಾರು ಎಂಬುದು ಎಲ್ಲರಿಗೂ ತಿಳಿದ ಮಾತೇ ಆಗಿದೆ.

ಮೊದಲು ಈ ಕತ್ತಿ ಎಂಥದೆಂಬುದನ್ನು ನೋಡುವಾ. ಜಪಾನೀಯರು ಇದಕ್ಕೆ ‘ಕಮಿಸೋರಿ’ ಎನ್ನುತ್ತಾರೆ. ಕೂದಲನ್ನು ಬೋಳಿಸುವಂಥದು ಎಂದೇ ಆ ಶಬ್ದದ ಅರ್ಥ. ಕ್ರಿಸ್ತಶಕ ಆರನೆಯ ಶತಮಾನದಲ್ಲಿ ಬೌದ್ಧಧರ್ಮವು ಆ ದೇಶವನ್ನು ಮುಟ್ಟಿದಾಗ ಭಿಕ್ಷುಗಳ ಮುಂಡನವೂ ಅದರ ಸಂಗಡ ಹೋಯಿತು. ಭಿಕ್ಷಾಪಾತ್ರೆ, ಸೂಜಿ, ನೀರು ಸೋಸುವ ಬಟ್ಟೆ ಮುಂತಾಗಿ ಭಿಕ್ಷುವಿಗೆ ಹೇಳಿರುವ ಎಂಟು ಪರಿಕರಗಳಲ್ಲಿ ಕ್ಷೌರದ ಕತ್ತಿಯೂ ಒಂದು. ಆದುದರಿಂದ ಇದು ನಮಗೆ ತೀರ ಪರಕೀಯವಾದ ವಸ್ತುವೇನೂ ಅಲ್ಲ.

ಇಂದು ಜಪಾನಿನಿಂದ ಬರುವ ಕತ್ತಿಗಳಲ್ಲಿ ಮೂರು ಬಗೆಗಳುಂಟು. ಮೊದಲನೆಯದು ಹಳೆಯ ಮಾದರಿಯ ಕಮಿಸೋರಿ. ಇದು ಮಡಚುವಂಥದಲ್ಲ, ಅಲಗೂ ಹಿಡಿಯೂ ಒಂದೇ ತುಂಡು. ಹಿಡಿಗೆ ಬೆತ್ತದ ಸೀಳನ್ನು ಸುತ್ತಿರುವದುಂಟು. ಅಲಗು ಗಿಡ್ಡದು, ಬೆರಳುಗಳು ಧಾರೆಯ ಸಮೀಪದಲ್ಲಿಯೇ ಇರುವದರಿಂದ ಕೈಗೆ ಹಿಡಿತ ಚೆನ್ನಾಗಿ ಸಿಗುವದು. ಮೆದುವಾದ ಕಬ್ಬಿಣಕ್ಕೆ ಗಡುಸಾದ ಉಕ್ಕಿನ ಪದರನ್ನು ಕಾಯಿಸಿ ಬೆಸೆದು ಇದನ್ನು ಮಾಡುತ್ತಾರೆ. ನಮ್ಮ ಕಮ್ಮಾರರು ಕೊಡಲಿಯ ಬಾಯಿಗೆ ಉಕ್ಕು ಹಾಕುವ ಕ್ರಮವೇ ಇದು. ಉಕ್ಕು ಧಾರೆಯನ್ನು ಹಿಡಿಯುವದು; ಮೆದು ಕಬ್ಬಿಣವು ಮಸೆಯುವ ಶ್ರಮವನ್ನು ಕಡಿಮೆ ಮಾಡುವದು. ಅಲಗಿನ ಎರಡು ಮಗ್ಗುಲುಗಳು ಒಂದೇ ತೆರನಾಗಿ ಇರುವದಿಲ್ಲ. ಆದಕಾರಣ ಮಸೆಯುವಾಗಲೂ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಳೆತಗಳು ಬೇಕು. ಇದನ್ನು ಅರಿಯದೆ ಸಮಸಮವಾಗಿ ಉಜ್ಜಿದವನು ಕತ್ತಿಯ ರೂಪವನ್ನೇ ಕೆಡಿಸುವನು.

ಎರಡನೆಯದು ಐರೋಪ್ಯ ಮಾದರಿಯ ಮಡಚುಕತ್ತಿ. ೧೮೬೮ರ ತರುವಾಯ ಜಪಾನು ಪಶ್ಚಿಮದ ಪದ್ಧತಿಗಳಿಗೆ ಬಾಗಿಲು ತೆರೆದ ಮೇಲೆ ಇದು ಅಲ್ಲಿ ಬಳಕೆಗೆ ಬಂದಿತು. ಎರಡೂ ಮಗ್ಗುಲು ಒಂದೇ ತೆರನಾಗಿರುವದರಿಂದ ಕಲಿಯುವವನಿಗೆ ಇದು ಕಮಿಸೋರಿಗಿಂತ ಸುಲಭ. ಮೂರನೆಯದು ಬ್ಲೇಡು ಬದಲಿಸುವ ಕತ್ತಿ: ಹಿಡಿ ಶಾಶ್ವತ, ಬಾಯಿ ಮಾತ್ರ ತಾತ್ಕಾಲಿಕ. ಕತ್ತಿಗಳಿಗೆ ಹೆಸರಾದ ಸೆಕಿ ಎಂಬ ಊರಲ್ಲಿ ೧೯೦೮ರಲ್ಲಿ ಹುಟ್ಟಿದ ಕಾಯಿ ಕಂಪನಿಯೂ, ಫೆದರ್ ಕಂಪನಿಯೂ ಇಂಥವನ್ನು ಮಾಡುತ್ತವೆ. ಫೆದರಿನ ‘ಆರ್ಟಿಸ್ಟ್ ಕ್ಲಬ್’ ಎಂಬುದು ಈ ಬಗೆಯಲ್ಲಿ ಪ್ರಸಿದ್ಧವಾದುದು. ಅದರ ಬ್ಲೇಡುಗಳು ನಮ್ಮ ಪೇಟೆಯ ಸಾಮಾನ್ಯ ಬ್ಲೇಡಿಗಿಂತ ದಪ್ಪ. ಸಾಮಾನ್ಯ ಬ್ಲೇಡನ್ನು ಎರಡಾಗಿ ಮುರಿದು ಅದರಲ್ಲಿ ಸಿಕ್ಕಿಸಲು ಬಾರದು. ಆದುದರಿಂದ ಹಿಡಿಯನ್ನು ಕೊಳ್ಳುವ ಮೊದಲೇ ಬ್ಲೇಡುಗಳು ವರ್ಷವಿಡೀ ತಮ್ಮೂರಿಗೆ ಬಂದು ಮುಟ್ಟುವವೋ ಇಲ್ಲವೋ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಈ ಮೂರರಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ ಕ್ಯೋಟೋದವನು ಒಂದು ಉತ್ತರ ಹೇಳಿಯಾನು, ಬೈತಖೋಲದವನು ಬೇರೆಯೇ ಹೇಳಬೇಕು. ಕಾರವಾರದ ಕಡಲತೀರದಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರು ಮಳೆ ಬೀಳುವದು. ಅದರ ಬಹುಭಾಗ ಜೂನಿನಿಂದ ಸಪ್ಟಂಬರದೊಳಗೆ. ಆ ದಿನಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೇ ಬೂಸರು ಹಿಡಿಯುವದು. ಅದರ ಮೇಲೆ ಕಡಲಗಾಳಿಯ ಉಪ್ಪು. ಉಪ್ಪು ಗಾಳಿಯೊಳಗಿನ ತೇವವನ್ನು ತಾನಾಗಿ ಎಳೆದುಕೊಳ್ಳುವದು. ಆ ಉಪ್ಪುನೀರಿನ ತೆಳುಪದರಿನ ಕೆಳಗೆ ಉಕ್ಕು ಬೇಗನೆ ತುಕ್ಕುಹಿಡಿಯುವದು. ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಧಾರೆಯ ದಪ್ಪವೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಂಥ ಬಾಯಿಯನ್ನು ತಿನ್ನಲು ಕಣ್ಣಿಗೆ ಕಾಣುವಷ್ಟು ತುಕ್ಕು ಬೇಕಾಗಿಲ್ಲ. ನಿನ್ನೆ ಬೆಣ್ಣೆಯಂತೆ ಇಳಿದ ಕತ್ತಿ ಇಂದು ಗಲ್ಲದ ಮೇಲೆ ಎಳೆದೆಳೆದು ಹಿಡಿಯುತ್ತಿದ್ದರೆ ಕಾರಣ ಅನೇಕವೇಳೆ ಇದೇ.

ಆದುದರಿಂದ ಈ ತೀರದವರಿಗೆ ನನ್ನ ಮಾತು ಒಂದೇ: ಕತ್ತಿಯ ಧಾರೆಯನ್ನು ನೋಡಿ ಆರಿಸಬೇಡಿರಿ, ಅದನ್ನು ಒರಸಿಡುವ ಕೈಯನ್ನು ನೋಡಿ ಆರಿಸಿರಿ.

ಉಕ್ಕಿನ ವಿಷಯದಲ್ಲಿ ಇದನ್ನೇ ಅನ್ವಯಿಸಿ ನೋಡುವಾ. ಅಂಗಡಿಯವರು ‘ತಮಹಗಾನೆ’ ಎಂಬ ಹೆಸರನ್ನು ಬಹಳ ದೊಡ್ಡದಾಗಿ ಹೇಳುವರು. ಕಬ್ಬಿಣದ ಮರಳನ್ನು ಇದ್ದಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಕಾಸಿ ತೆಗೆದ ಉಕ್ಕು ಅದು. ಖಡ್ಗ ಮಾಡುವವರಿಗಾಗಿ ಶಿಮಾನೆ ಪ್ರಾಂತದಲ್ಲಿ ಆ ಕುಲುಮೆಯನ್ನು ೧೯೭೭ರಲ್ಲಿ ಮರಳಿ ಹೊತ್ತಿಸಿದರು. ‘ಬಿಳಿಯ ಕಾಗದ’, ‘ನೀಲಿಯ ಕಾಗದ’ ಎಂಬ ಹೆಸರಿನ ಬೇರೆ ಉಕ್ಕುಗಳೂ ಉಂಟು. ಇವೆಲ್ಲವೂ ಉತ್ತಮ ಧಾರೆಯನ್ನು ಹಿಡಿಯತಕ್ಕವು ನಿಜ; ಆದರೆ ಇವುಗಳಲ್ಲಿ ಒಂದೂ ತುಕ್ಕನ್ನು ತಡೆಯತಕ್ಕದ್ದಲ್ಲ. ನೀಲಿಯ ಕಾಗದದಲ್ಲಿ ಸ್ವಲ್ಪ ಕ್ರೋಮಿಯಂ ಇದ್ದರೂ ತುಕ್ಕು ತಡೆಯುವಷ್ಟು ಇಲ್ಲ. ಅದಕ್ಕೆ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಬೇಕು. ಅಷ್ಟು ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕಿನ ಕತ್ತಿಯನ್ನು ಮಸೆಯಲು ಸ್ವಲ್ಪ ಹೆಚ್ಚು ತಾಳ್ಮೆ ಬೇಕಾದೀತು. ಆದರೆ ಆಷಾಢದ ಒಂದು ರಾತ್ರಿ ಮರೆತರೂ ಅದು ಉಳಿಯುವದು. ಕಡಲ ಬದಿಯಲ್ಲಿ ಇದೇ ಮೇಲು.

ಹಳೆಯ ಕತ್ತಿಯನ್ನು ಕೊಳ್ಳುವವರು ಅದರ ಬೆನ್ನಿನ ಮೇಲಿನ ಕಲೆಗೆ ಅಂಜಬೇಕಾಗಿಲ್ಲ. ಬಾಯಿಯ ಸಮೀಪದ ಕರಿಯ ಚುಕ್ಕೆಗೆ ಅಂಜಬೇಕು. ಸೀಳು ಇದ್ದರೆ ಬಿಟ್ಟೇ ಬಿಡಬೇಕು. ಅಲಗನ್ನು ಗಾಜಿನ ಮೇಲೆ ಮಲಗಿಸಿ, ಬೆನ್ನೂ ಬಾಯಿಯೂ ಉದ್ದಕ್ಕೂ ತಾಗುವವೋ ಎಂದು ನೋಡಿರಿ. ಹೊಸದಾದರೂ, ಕ್ಷೌರಕ್ಕೆ ಸಿದ್ಧವಾಗುವಂತೆ ಮಸೆದಿದೆಯೇ ಎಂದು ಸ್ಪಷ್ಟವಾಗಿ ಕೇಳಿರಿ. ಕಾರ್ಖಾನೆಯಿಂದ ಹೊರಟ ಕತ್ತಿಗಳೆಲ್ಲ ಹಾಗಿರುವದಿಲ್ಲ. ಖರ್ಚನ್ನು ಲೆಕ್ಕ ಹಾಕುವಾಗ ಸಾಣೆಕಲ್ಲನ್ನೂ ಚರ್ಮದ ಪಟ್ಟಿಯನ್ನೂ ಕೂಡಿಸಿಕೊಳ್ಳಿರಿ. ಅಡಿಗೆಯ ಚೂರಿಗೆ ೧೦೦೦ ಅಂಕದ ಕಲ್ಲು ಸಾಕು. ಗಲ್ಲಕ್ಕೆ ತಾಗುವ ಕತ್ತಿಗೆ ೮೦೦೦ದ ಮೇಲಿನ ನುಣುಪಾದ ಕಲ್ಲು ಬೇಕು. ಪ್ರತಿ ಕ್ಷೌರಕ್ಕೆ ಮುಂಚೆ ಪಟ್ಟಿಯ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಒಂದೈವತ್ತು ಸಲ ಎಳೆಯಬೇಕು. ದಿನಾಲು ಅಷ್ಟು ಹೊತ್ತು ಇಲ್ಲದವನಿಗೆ ಮೂರನೆಯ ಬಗೆಯೇ ಯೋಗ್ಯ.

ಬಳಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಬಿಸಿನೀರಿನಿಂದ ಗಡ್ಡವನ್ನು ಎರಡು ಮೂರು ನಿಮಿಷ ನೆನೆಸಬೇಕು. ನೆಂದ ಕೂದಲು ಮೆದುವಾಗಿ ಸುಲಭವಾಗಿ ಕತ್ತರಿಸುವದು. ಸಾಬೂನಿನ ನೊರೆಯನ್ನು ಹಚ್ಚಿ, ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು ೩೦ ಅಂಶದ ಕೋನದಲ್ಲಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು. ಗುಂಗುರು ಗಡ್ಡದವರು ಎದುರುದಿಕ್ಕಿಗೆ ಎಳೆದರೆ ಕೂದಲ ತುದಿ ಚರ್ಮದೊಳಗೆ ಬಾಗಿ ಬೆಳೆದು ಗುಳ್ಳೆಗಳೇಳುವವು. ಮೊದಲಿನ ಕೆಲವು ವಾರ ಎರಡು ಗಲ್ಲಗಳನ್ನಷ್ಟೇ ಈ ಕತ್ತಿಗೆ ಕೊಟ್ಟು, ಗದ್ದ ಕುತ್ತಿಗೆಗಳನ್ನು ಹಳೆಯ ಸಾಧನಕ್ಕೇ ಬಿಡುವದು ಜಾಣತನ. ಮುಗಿದ ಮೇಲೆ ಸಿಹಿನೀರಿನಿಂದ ತೊಳೆದು, ಒಣಬಟ್ಟೆಯಿಂದ ಬೆನ್ನಿನಿಂದ ಬಾಯಿಯ ಕಡೆಗೆ ಒರಸಿ, ಗಾಳಿಗೆ ಆರಿಸಿ, ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿಯನ್ನು ಸವರಬೇಕು. ಬಚ್ಚಲುಮನೆಯಲ್ಲಿ ಇಡಲೇಬಾರದು, ಮಕ್ಕಳಿರುವ ಮನೆಯಲ್ಲಿ ಬೀಗದ ಕಪಾಟಿನಲ್ಲಿಯೇ ಇಡಬೇಕು.

ಬೈತಖೋಲದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಂತ್ರದ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲವಾಗಿ, ಆ ಬಿಡುವಿನಲ್ಲಿ ಬಂದರಿನವರು ದೋಣಿಗೆ ಬಣ್ಣ ಬಳಿದು ಯಂತ್ರಕ್ಕೆ ಎಣ್ಣೆ ಹಾಕಿ ಕಾಪಾಡಿಕೊಳ್ಳುತ್ತಾರೆ. ದೋಣಿಗೆ ಸಲ್ಲುವ ನ್ಯಾಯವೇ ಕತ್ತಿಗೂ ಸಲ್ಲುವದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಂದೆಮಕ್ಕಳೇ ಆದರೂ ಒಬ್ಬರ ಕತ್ತಿಯನ್ನು ಇನ್ನೊಬ್ಬರು ಬಳಸಬಾರದು. ಯಕೃತ್ತಿಗೆ ತಗಲುವ ಬಿ ಮತ್ತು ಸಿ ಹೆಪಟೈಟಿಸ್ ರೋಗಗಳು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಲ್ಲವು. ಬಿ ರೋಗದ ವಿಷಾಣುವು ಶರೀರದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ಕ್ಷೌರದ ಅಂಗಡಿಗೆ ಹೋದಾಗಲೂ ಹೊಸ ಬ್ಲೇಡನ್ನು ಕಣ್ಣೆದುರಿಗೆ ಹಾಕಿಸಿಕೊಳ್ಳುವದರಲ್ಲಿ ಸಂಕೋಚಪಡಬೇಡಿರಿ.

ಈಗ ಆ ಸೋದರಿಯ ಪ್ರಶ್ನೆಗೆ ಬರುವೆನು. ಮಗನು ಬ್ಲೇಡು ಬದಲಿಸುವ ಕತ್ತಿಯಿಂದ ಆರಂಭಿಸಲಿ. ಹಡಗಿನ ಓಲಾಟದಲ್ಲಿ ಅದನ್ನು ಮುಟ್ಟದಿರಲಿ. ರಜೆಗೆ ಮನೆಗೆ ಬಂದಾಗ, ನೆಲ ಅಲುಗದೆಡೆಯಲ್ಲಿ, ಕಲಿಯಲಿ. ವಿಮಾನದಲ್ಲಿ ಕೈಚೀಲದೊಳಗೆ ಅದನ್ನು ಒಯ್ಯುವಂತಿಲ್ಲವೆಂಬುದೂ ನೆನಪಿರಲಿ. ಒಂದು ವರ್ಷ ತಪ್ಪದೆ ಒರಸಿಟ್ಟ ಮೇಲೆ ಸ್ಟೇನ್‌ಲೆಸ್ ಉಕ್ಕಿನ ಮಡಚುಕತ್ತಿಗೆ ಕೈಹಾಕಲಿ; ಕಮಿಸೋರಿಯು ಅದಕ್ಕೂ ಮುಂದಿನ ಮೆಟ್ಟಿಲು. ತಂದೆಯವರಿಗೆ ಮಾತ್ರ ಯಾವ ಕತ್ತಿಯೂ ಬೇಡ. ರಕ್ತ ತಿಳಿಗೊಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರು ವಿದ್ಯುತ್ತಿನ ಕ್ಷೌರಯಂತ್ರವನ್ನೇ ಹೇಳುವರು. ಸಣ್ಣ ಗಾಯದ ರಕ್ತವೂ ಅಂಥವರಲ್ಲಿ ಬೇಗ ನಿಲ್ಲುವದಿಲ್ಲ. ಮಗನು ಅದನ್ನೇ ತರಲಿ. ತಂದೆಯ ಕೈ ನಡುಗುವದಾದರೆ ತಾನೇ ಪಕ್ಕದಲ್ಲಿ ಕುಳಿತು ಕ್ಷೌರ ಮಾಡಲಿ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಾನೂ ಅಂಕೋಲೆಯ ಕಡೆಯವನೇ. ನನ್ನ ತಂದೆಯವರಲ್ಲಿ ಒಂದು ಮಡಚುಕತ್ತಿ ಇತ್ತು. ಮೂವತ್ತು ವರ್ಷ ಅವರು ಅದರಿಂದ ದಿನಾಲು ಕ್ಷೌರ ಮಾಡಿಕೊಂಡರು. ಕಡೆಯ ಎರಡು ವರ್ಷ ಅವರ ಕೈ ಸ್ವಾಧೀನದಲ್ಲಿ ಇರಲಿಲ್ಲ. ಬೆಳಿಗ್ಗೆ ಕಿಟಕಿಯ ಬಳಿ ಕೂಡಿಸಿ, ಗುಂಯ್ಗುಡುವ ಯಂತ್ರದಿಂದ ನಾನೇ ಅವರ ಗಲ್ಲವನ್ನು ನುಣುಪುಮಾಡುತ್ತಿದ್ದೆನು. ಅವರು ಕಣ್ಣು ಮುಚ್ಚಿಕೊಂಡು ಮುಖವನ್ನು ನನ್ನ ಕೈಗೆ ಒಪ್ಪಿಸುತ್ತಿದ್ದರು. ಅವರು ಹೋದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ನೆನಪು ಒತ್ತರಿಸಿ ಬಂದು, ಆ ಕತ್ತಿಯನ್ನು ತೆಗೆದು ಒಂದೆರಡು ಸಲ ಗಲ್ಲದ ಮೇಲೆ ಎಳೆದುಕೊಂಡೆನು. ಪಂಚೆಯ ಸೆರಗಿನಿಂದ ಒರಸಿ ಪೆಟ್ಟಿಗೆಯಲ್ಲಿಟ್ಟೆನು. ಚೌತಿಯ ಹಬ್ಬಕ್ಕೆ ಮನೆ ಸಾರಿಸುವಾಗ ತೆರೆದು ನೋಡಿದರೆ ಅದರ ಬಾಯಿ ಗರಗಸದಂತೆ ಆಗಿದ್ದಿತು. ಮೂವತ್ತು ವರ್ಷ ಅವರು ಕಾಯ್ದ ಧಾರೆಯನ್ನು ನಾನು ಒಂದು ಸಂಜೆಯಲ್ಲಿ ಕಳೆದೆನು.

ಕತ್ತಿ ಈಗಲೂ ನನ್ನ ಬಳಿ ಇದೆ, ಕ್ಷೌರಕ್ಕೆ ಬಾರದು. ಆ ಎರಡು ವರ್ಷದ ಬೆಳಗುಗಳಿಗೆ ಮಾತ್ರ ಯಾವ ತುಕ್ಕೂ ತಗಲಿಲ್ಲ. ಬೈತಖೋಲದ ಸೋದರಿಯು ತಮ್ಮ ಮಗನಿಗೆ ಇಷ್ಟನ್ನು ಓದಿ ಹೇಳಲಿ. ಅವನು ಬೇಸರಪಡಲಾರನೆಂದು ನನ್ನ ನಂಬಿಕೆ.